ಒಂದು ಗಂಟೆಯ ಔಷಧಿ

ಶಿವಮೊಗ್ಗದಲ್ಲಿ ನಾನು ಡಯಟೀಶಿಯನ್ ಆಗಿದ್ದ ಕ್ಲಿನಿಕ್ಕಿಗೆ ಜನ್ನಾಪುರದಿಂದ ಅತ್ತೆ-ಸೊಸೆ ಬಂದಿದ್ದರು. ಸೊಸೆಗೆ ಎರಡು ವರ್ಷದಿಂದ ಎದೆಯುರಿ, ಹುಳಿತೇಗು.

"ಮಧ್ಯಾಹ್ನ ಎಷ್ಟು ಗಂಟೆಗೆ ಊಟ ಮಾಡ್ತೀಯಮ್ಮ?" ಎಂದೆ.

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನನ್ ಮಗ ಫ್ಯಾಕ್ಟರಿಯಿಂದ ಬಂದು ಉಂಡ್ಮೇಲೆ. ಮೂರೂವರೆ ಆಗುತ್ತೆ."

"ಒಂದು ಗಂಟೆಗೇ ಉಣ್ಣಬೇಕು."

"ಗಂಡನಿಗಿಂತ ಮುಂಚೆಯಾ? ನಮ್ಮನೇಲಿ ಆ ಪದ್ಧತಿ ಇಲ್ಲ. ಏಳೇ, ಹೋಗಣ."

ಅತ್ತೆ ಎದ್ದೇಬಿಟ್ಟರು. ಸೊಸೆಯ ಕಣ್ಣು ತುಂಬಿತು. ನನಗೆ ರೇಗಿತ್ತು, ಆದರೆ ಜಗಳವಾಡಿದರೆ ಈ ಹುಡುಗಿ ಮತ್ತೆ ಬರುವುದಿಲ್ಲ.

"ಔಷಧಿಗೂ ಗಂಡನ್ನ ಕಾಯ್ತೀರಾ?"

"ಔಷಧಿಗ್ಯಾಕೆ ಕಾಯೋದು?"

ಚೀಟಿಯಲ್ಲಿ ಬರೆದೆ: 'ಔಷಧಿ: ಮಜ್ಜಿಗೆ ಅನ್ನ, ಒಂದು ತಟ್ಟೆ. ಮಧ್ಯಾಹ್ನ ಒಂದಕ್ಕೆ, ತಪ್ಪದೆ.'

ಅತ್ತೆ ಎರಡು ಸಲ ಓದಿದರು. ಸೊಸೆಯನ್ನು ಹೊರಗೆ ಕಳಿಸಿ, ದನಿ ತಗ್ಗಿಸಿದರು: "ನಾನೂ ಮೂವತ್ತು ವರ್ಷದಿಂದ ಕೊನೆಗೇ ಉಣ್ಣೋದು. ಇದನ್ನ ಅತ್ತೆಯರೂ ತಗೋಬಹುದಾ?"

ಮೂವತ್ತು ವರ್ಷದ ಹಸಿವಿಗೆ ಡೋಸ್ ಎಷ್ಟು ಅಂತ ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟಿರಲಿಲ್ಲ.