ನಲವತ್ತು ಸಹಿಯ ಆದಾಯ ಪತ್ರ

ಬಿ.ಎ. ಮುಗಿದ ವರ್ಷ ನನಗೆ ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಇತಿಹಾಸಕ್ಕೆ ಸೀಟು ಸಿಕ್ಕಿತು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಫೀಸು, ಹಾಸ್ಟೆಲು, ಊಟ ಎಲ್ಲ ಸೇರಿ ಎರಡು ವರ್ಷ ತೂಗಿಸುವ ಶಕ್ತಿ ನಮಗಿಲ್ಲ ಎಂಬುದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಸ್ಕಾಲರ್‌ಶಿಪ್ ಸಿಕ್ಕರೆ ಹೋಗು, ಇಲ್ಲದಿದ್ದರೆ ಬೇರೇನಾದರೂ ನೋಡಿಕೊ ಎಂದ ಅಪ್ಪ. ಅವನ ಮಾತಿನಲ್ಲಿ ಕೋಪವೂ ಇರಲಿಲ್ಲ, ಆಸೆಯೂ ಇರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಾ ಹೇಳಿದ ಮಾತು ಅದು.

ಮೊಬೈಲಿನಲ್ಲಿ ಹುಡುಕಿ ಹುಡುಕಿ ಕಣ್ಣು ನೋವು ಬಂದ ಮೇಲೆ ನಮ್ಮ ದೇವನಹಳ್ಳಿ ಪಕ್ಕದ ವಿಜಯಪುರದ ಒಂದು ಸೈಬರ್ ಸೆಂಟರಿಗೆ ಹೋದೆ. ಅದನ್ನು ನಡೆಸುತ್ತಿದ್ದ ಅಕ್ಕನಿಗೆ ಸ್ಕಾಲರ್‌ಶಿಪ್ ಎಂದರೆ ಎಂಜಿನಿಯರಿಂಗು, ನರ್ಸಿಂಗು, ಅಷ್ಟೇ. ಯಾವ ವೆಬ್‌ಸೈಟು ತೆಗೆದರೂ ನಿಮ್ಮ ಕೋರ್ಸ್ ಆರಿಸಿ ಎಂದು ಒಂದು ಪಟ್ಟಿ ಬೀಳುತ್ತಿತ್ತು. ಆ ಪಟ್ಟಿಯಲ್ಲಿ ಮೀನುಗಾರಿಕೆಯಿತ್ತು, ವಿಮಾನ ರಿಪೇರಿಯಿತ್ತು, ಇತಿಹಾಸ ಇರಲಿಲ್ಲ. ಕೊನೆಯಲ್ಲಿ ‘ಇತರೆ’ ಎಂದಿರುತ್ತಿತ್ತು. ಅದನ್ನು ಒತ್ತಿದರೆ ನೀವು ಅರ್ಹರಲ್ಲ ಎಂದು ಕೆಂಪಕ್ಷರದಲ್ಲಿ ಬರುತ್ತಿತ್ತು. ಹಿಸ್ಟರಿಗೆಲ್ಲ ಯಾರಮ್ಮ ದುಡ್ಡು ಕೊಡ್ತಾರೆ ಎಂದು ಅಕ್ಕ ಕನಿಕರದಿಂದಲೇ ಕೇಳಿದಳು. ನನಗೆ ಮೈ ಉರಿಯಿತು. ಆದರೆ ಆಕೆ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ.

ಮೂರು ವಾರ ಕಳೆದ ಮೇಲೆ ನಮ್ಮ ಕಾಲೇಜಿನ ಇತಿಹಾಸದ ಮೇಡಂ ಒಂದು ಟ್ರಸ್ಟಿನ ವಿಷಯ ತಿಳಿಸಿದರು. ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ಚಿತ್ರಕಲೆ ಓದುವವರಿಗೆಂದೇ ಇಟ್ಟಿದ್ದ ಸ್ಕಾಲರ್‌ಶಿಪ್ಪು. ವರ್ಷಕ್ಕೆ ಕೆಲವೇ ಜನರಿಗೆ. ಅಂಕಪಟ್ಟಿ, ಇಬ್ಬರು ಅಧ್ಯಾಪಕರ ಪತ್ರ, ಯಾಕೆ ಓದಬೇಕೆಂದು ಬರೆದ ಎರಡು ಪುಟ, ಕೊನೆಗೆ ಆದಾಯ ಪ್ರಮಾಣ ಪತ್ರ. ಅದು ಆ ವರ್ಷ ಕೊಟ್ಟದ್ದೇ ಆಗಿರಬೇಕು ಎಂದು ದಪ್ಪಕ್ಷರದಲ್ಲಿ ಹಾಕಿದ್ದರು. ಎರಡು ಪುಟ ಬರೆಯಲು ಹತ್ತು ದಿನ ಹೆಣಗಾಡಿದೆ. ಆದಾಯ ಪತ್ರಕ್ಕೆ ಸೈಬರ್ ಅಕ್ಕನ ಹತ್ತಿರ ಐದು ನಿಮಿಷದಲ್ಲಿ ಅರ್ಜಿ ಹಾಕಿಸಿ ಬಂದೆ. ಕಂದಾಯದವರು ಊರಿಗೆ ಬಂದು ವಿಚಾರಿಸುತ್ತಾರಾ ಎಂದು ಕೇಳಿದ್ದಕ್ಕೆ, ಈಗೆಲ್ಲ ಯಾರೂ ಬರಲ್ಲ, ಅಲ್ಲೇ ಕೂತು ಬರ್ಕೋತಾರೆ ಎಂದಳು. ನಾನು ನಂಬಿದೆ. ಮನೆಯಲ್ಲಿ ಹೇಳಲೂ ಇಲ್ಲ. ಬುದ್ಧಿವಂತೆ ನಾನು.

ಇಲ್ಲಿ ನಮ್ಮೂರಿನ ಸಂಗತಿ ಸ್ವಲ್ಪ ಹೇಳಬೇಕು. ನಮ್ಮದು ದೇವನಹಳ್ಳಿ ತಾಲ್ಲೂಕು, ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿ. ಕಾರ್ಖಾನೆಗಳಿಗೆಂದು ನಮ್ಮ ಜಮೀನು ತೆಗೆದುಕೊಳ್ಳಲು ಸರ್ಕಾರ ಹೊರಟಿತ್ತು, ಕೊಡುವುದಿಲ್ಲ ಎಂದು ಊರು ಕೂತಿತ್ತು. ಅರಳಿಕಟ್ಟೆಯ ಪಕ್ಕ ಶಾಮಿಯಾನ ಹಾಕಿ ದಿನಾ ಒಂದಷ್ಟು ಜನ ಕೂರುತ್ತಿದ್ದರು. ಎಲ್ಲರೂ ಸೇರಿ ಎರಡು ಮಾತು ಕಟ್ಟು ಮಾಡಿಕೊಂಡಿದ್ದರು. ಕಂದಾಯ ಇಲಾಖೆಯವರನ್ನು ಯಾವ ಕಾರಣಕ್ಕೂ ಊರೊಳಗೆ ಬಿಡಬಾರದು. ಊರಿನವರು ಯಾರೂ ಒಬ್ಬೊಬ್ಬರೇ ಅವರ ಕಚೇರಿಗೆ ಹೋಗಬಾರದು. ಒಬ್ಬನೇ ಹೋಗಿ ಬಂದವನು ಒಳಗೆ ಏನಕ್ಕೆ ಸಹಿ ಹಾಕಿ ಬಂದನೋ ಯಾರಿಗೆ ಗೊತ್ತು? ಎರಡನೆಯ ಮಾತನ್ನು ಎತ್ತಿದ್ದು ನಮ್ಮಪ್ಪನೇ.

ಅರ್ಜಿ ಹಾಕಿ ವಾರವಾಗಿರಬೇಕು. ಸಂಜೆ ಅಪ್ಪ ನಗುತ್ತಾ ಮನೆಗೆ ಬಂದ. ಯಾರೋ ಕಂದಾಯದ ಹೊಸ ಹುಡುಗ ಬೈಕಿನಲ್ಲಿ ಬಂದಿದ್ದನಂತೆ. ಹೆಗಲ ಚೀಲದಿಂದ ಏನೋ ಕಾಗದ ತೆಗೆಯಲು ಹೋದಾಗ, ಅದನ್ನು ಅಲ್ಲೇ ಮಡಿಕ್ಕೊಂಡು ಬಂದ ದಾರಿ ಹಿಡಿಯಪ್ಪ ಎಂದು ಅಪ್ಪನೇ ಅವನನ್ನು ಊರಾಚೆಯ ಸೇತುವೆಯ ತನಕ ನಡೆಸಿಕೊಂಡು ಹೋಗಿ ಬಿಟ್ಟು ಬಂದನಂತೆ. ಆ ಹುಡುಗನ ಮುಖ ಹೇಗಾಯಿತೆಂದು ಮಾಡಿ ತೋರಿಸಿದ. ಅಮ್ಮ ನಕ್ಕಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮೂರನೆಯ ದಿನ ಮೊಬೈಲಿಗೆ ಸಂದೇಶ ಬಂತು. ಸ್ಥಳ ಪರಿಶೀಲನೆ ಸಾಧ್ಯವಾಗಿಲ್ಲವಾದ್ದರಿಂದ ನನ್ನ ಅರ್ಜಿಯನ್ನು ತಿರಸ್ಕರಿಸಿದ್ದರು. ಟ್ರಸ್ಟಿನ ಕೊನೆಯ ದಿನಾಂಕಕ್ಕೆ ಆರು ದಿನ ಉಳಿದಿತ್ತು.

ಹುಳು ಸಾಕುವ ಮನೆಯಲ್ಲಿ ಅಪ್ಪ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದ. ಬಾಗಿಲಲ್ಲಿ ನಿಂತೇ ಹೇಳಿದೆ. ಅವನು ಕೈ ನಿಲ್ಲಿಸಲಿಲ್ಲ. ತಿರುಗಿ ನೋಡದೆ, “ಆ ಚೀಲದಲ್ಲಿ ಇದ್ದಿದ್ದು ನಿಂದಾ?” ಎಂದ.

ಹೂಂ ಅಂದೆ. ಆಮೇಲೆ ಕೈ ನಿಂತಿತು. ಹೇಳಿದ್ದರೆ ಬಿಡುತ್ತಿದ್ದೆನಲ್ಲ ಎಂದು ಅವನು ಅನ್ನಬಹುದಿತ್ತು, ಅನ್ನಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತಲ್ಲ ಎಂದು ನಾನು ಅನ್ನಬಹುದಿತ್ತು, ನಾನೂ ಅನ್ನಲಿಲ್ಲ. ನನಗೆ ಅವನ ಮೇಲೆ ಕೆಟ್ಟ ಕೋಪ ಬಂದಿತ್ತು, ಅದಕ್ಕಿಂತ ಹೆಚ್ಚು ನನ್ನ ಮೇಲೆ.

ಮತ್ತೆ ಅರ್ಜಿ ಹಾಕಿ, ಅದರ ರಸೀದಿಯಲ್ಲಿದ್ದ ಸಂಖ್ಯೆಗೆ ಫೋನು ಮಾಡಿದೆ. ಆ ಹುಡುಗನೇ ಎತ್ತಿಕೊಂಡ. ಮರ್ಯಾದೆಯಿಂದಲೇ ಮಾತಾಡಿದ. ನಿಮ್ಮೂರಿಗೆ ಮಾತ್ರ ಇನ್ನೊಂದು ಸಲ ಬರುವುದಿಲ್ಲ, ನಿಮ್ಮ ತಂದೆಯನ್ನೂ ನೆರೆಯವರು ಮೂವರನ್ನೂ ನಾಡಕಚೇರಿಗೆ ಕರೆದುಕೊಂಡು ಬನ್ನಿ, ಇಲ್ಲೇ ಹೇಳಿಕೆ ಬರೆದುಕೊಳ್ಳುತ್ತೇನೆ ಎಂದ. ಊರಿನ ಕಟ್ಟು ಗೊತ್ತಿದ್ದೂ ಅದನ್ನು ಅಪ್ಪನಿಗೆ ಹೇಳಿದೆ.

ಅಪ್ಪ ಮಾರನೆಯ ದಿನ ಶಾಮಿಯಾನದಲ್ಲಿ ಎದ್ದು ನಿಂತು ವಿಷಯ ಇಟ್ಟ. ನಾನು ಹಿಂದೆ ಹೆಂಗಸರ ಜೊತೆ ಕೂತಿದ್ದೆ. ಕೆಲವರು ಮುಖ ತಿರುಗಿಸಿದರು. ಇವತ್ತು ಆದಾಯಕ್ಕೆ ಅಂತ ಹಾಕಿಸಿಕೊಂಡ ಸಹಿ ನಾಳೆ ಇನ್ನೆಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೋ ಎಂದು ಒಬ್ಬರು ಅಂದರು. ಕಟ್ಟು ಮಾಡಿದವನೇ ಮುರಿಯಲು ಬಂದನಲ್ಲ ಎಂದು ಇನ್ನೊಬ್ಬರು ಕುಟುಕಿದರು. ಕೊನೆಗೆ ನಮ್ಮ ಬೀದಿಯ ಅಜ್ಜಿಯೊಬ್ಬರು ಮಾತೆತ್ತಿದರು. ಒಬ್ಬೊಬ್ಬರೇ ಹೋಗಬಾರದು ಅಂತ ತಾನೆ ಇರೋದು, ಎಲ್ಲರೂ ಹೋಗಬಾರದು ಅಂತ ಎಲ್ಲಿದೆ ಎಂದು ಕೇಳಿದರು. ಒಬ್ಬರು ಆಗಲೇ ಟೆಂಪೊದವನಿಗೆ ಫೋನು ಮಾಡಿದರು.

ಹಾಗಾಗಿ ಒಂದು ಆದಾಯ ಪತ್ರ ತರಲು ನಮ್ಮೂರಿನ ನಲವತ್ತು ಜನ, ದ್ರಾಕ್ಷಿ ಸಾಗಿಸುವ ಎರಡು ಟೆಂಪೊಗಳಲ್ಲಿ, ನಾಡಕಚೇರಿಗೆ ಹೋದೆವು. ಹೆಗಲ ಮೇಲೆ ಹಸಿರು ಟವೆಲು ಹಾಕಿಕೊಳ್ಳುವುದು ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿತ್ತು, ಅವತ್ತೂ ಹಾಕಿಕೊಂಡಿದ್ದರು. ನಮ್ಮನ್ನು ಕಂಡ ಕಾವಲುಗಾರ ಮುತ್ತಿಗೆ ಹಾಕಲು ಬಂದರೆಂದು ತಿಳಿದು ಗೇಟು ಎಳೆದುಕೊಂಡ. ಅವನದೇನೂ ತಪ್ಪಿಲ್ಲ, ನನಗೇ ಹಾಗೆ ಕಾಣುತ್ತಿತ್ತು. ಹತ್ತು ನಿಮಿಷದ ಮೇಲೆ ಆ ಹುಡುಗ ಗೇಟಿನ ಆಚೆ ಬಂದು ನಿಂತ. ಅಪ್ಪ ಕಂಬಿ ಹಿಡಿದುಕೊಂಡು, “ಸಾರ್, ಅವತ್ತು ನಿಮ್ಮನ್ನ ಒಳಕ್ಕೆ ಬಿಡ್ಲಿಲ್ಲ ನಾನು. ಇವತ್ತು ನನ್ ಮಗಳ ಕೆಲ್ಸಕ್ಕೆ ಬಂದಿದೀನಿ, ನೀವು ಬಿಟ್ರೆ ಬತ್ತೀನಿ” ಎಂದ. ಅಪ್ಪ ತನಗಿಂತ ಚಿಕ್ಕವರನ್ನು ಸಾರ್ ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಹುಡುಗ ಗೇಟು ತೆಗೆಸಿದ. ಮೂರು ಸಹಿ ಸಾಕು ಎಂದು ಅವನು ಎಷ್ಟು ಹೇಳಿದರೂ ನಮ್ಮವರು ಕೇಳಲಿಲ್ಲ. ಮೂರೇ ಜನ ಹಾಕಿದರೆ ಮಿಕ್ಕವರು ಕಡಲೇಕಾಯಿ ತಿನ್ನಕ್ಕೆ ಬಂದಿದ್ದೀವಾ ಎಂಬ ಮಾತು ಎದ್ದಿತು. ಪ್ರತಿಯೊಬ್ಬರೂ ಕಾಗದವನ್ನು ಓದಿಸಿ ಕೇಳಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಸಹಿ ಹಾಕಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಜಾಗ ಸಾಲದೆ ಅವನು ಇನ್ನೂ ಎರಡು ಹಾಳೆ ಸೇರಿಸಿದ. ಪತ್ರ ಗಡುವಿನ ಹಿಂದಿನ ದಿನ ಬಂತು. ಕೊನೆಯ ದಿನ ಮಧ್ಯಾಹ್ನ ಅರ್ಜಿ ಕಳಿಸಿದೆ.

ಸಂದರ್ಶನಕ್ಕೆ ಕರೆದರು. ಮೊಬೈಲಿನಲ್ಲೇ, ವಿಡಿಯೊದಲ್ಲಿ. ಏನನ್ನು ಸಂಶೋಧನೆ ಮಾಡಬೇಕೆಂದಿದ್ದೀರಿ ಎಂದು ಕೇಳಿದರು. ಸ್ಕಾಲರ್‌ಶಿಪ್ಪು, ಸರ್ಟಿಫಿಕೇಟು ಎಂದು ಅವುಗಳ ಹಿಂದೆ ಬಿದ್ದು ನಾನು ಎರಡು ತಿಂಗಳಿಂದ ಒಂದು ಪುಸ್ತಕವನ್ನೂ ಮುಟ್ಟಿರಲಿಲ್ಲ. ಬಿ.ಎ. ನೋಟ್ಸಿನಲ್ಲಿದ್ದದ್ದನ್ನು ಒದರಿದೆ. ಅವರು ತಲೆಯಾಡಿಸಿದರು. ಮೂರು ವಾರದ ಮೇಲೆ ವಿಷಾದಿಸುತ್ತೇವೆ ಎಂಬ ಮೇಲ್ ಬಂತು.

ಮೇಲ್ ಬಂದದ್ದಕ್ಕಿಂತ ಕಷ್ಟವಾದದ್ದು ಅದನ್ನು ಹೇಳುವುದು. ಒಬ್ಬರಿಗಲ್ಲ, ನಲವತ್ತು ಜನರಿಗೆ. ಡೇರಿಗೆ ಹಾಲು ಹಾಕಲು ಹೋದರೆ ‘ಬಂತಾ?’ ಬಸ್ಸಿಗೆ ನಿಂತರೆ ‘ಬಂತಾ?’ ಇಲ್ಲ ಎಂದರೆ ಸುಮ್ಮನಾಗುವ ಜನವಲ್ಲ ನಮ್ಮವರು. ಯಾಕೆ ಬರಲಿಲ್ಲ, ನಮ್ಮ ಸಹಿಯಲ್ಲಿ ಏನಾದರೂ ಐಬಾಯಿತಾ ಎಂದು ಒಬ್ಬರು ಕೇಳಿದರು. ಅಜ್ಜಿಯಂತೂ ಆ ಟ್ರಸ್ಟಿನವರ ಆಫೀಸು ಎಲ್ಲಿದೆ, ಅಲ್ಲಿಗೆ ಟೆಂಪೊ ಹೋಗುತ್ತದಾ ಎಂದು ವಿಚಾರಿಸಿದರು. ಅವರು ತಮಾಷೆಗೆ ಕೇಳಿದ್ದಲ್ಲ. ಆ ದಿನ ಮನೆಗೆ ಬಂದು ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಆಮೇಲಾಮೇಲೆ ಊರೊಳಗಿನ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಓಡಾಡಲು ಶುರು ಮಾಡಿದೆ.

ದೇವನಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ಪಾಠ ಮಾಡುವ ಕೆಲಸಕ್ಕೆ ಸೇರಿದೆ. ಸಂಜೆ ಹೊತ್ತು ಮೇಡಂ ಕೊಟ್ಟ ಪುಸ್ತಕಗಳನ್ನು ಓದುತ್ತಿದ್ದೆ. ಅಭ್ಯಾಸ ಬಿಡಬಾರದೆಂದು ಮರುವರ್ಷವೂ ಪ್ರವೇಶ ಪರೀಕ್ಷೆ ಬರೆದೆ, ಸೀಟು ಮತ್ತೆ ಬಂತು. ಸ್ಕಾಲರ್‌ಶಿಪ್ಪಿಗೆ ಮಾತ್ರ ಹಾಕುವುದಿಲ್ಲ ಎಂದು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ. ಹೊಸ ವರ್ಷಕ್ಕೆ ಹೊಸ ಆದಾಯ ಪತ್ರ ಬೇಕು, ಅದಕ್ಕೆ ಮತ್ತೆ ಎರಡು ಟೆಂಪೊ. ನನ್ನ ಕೈಲಾಗುವುದಿಲ್ಲ ಅಂದೆ.

ಒಂದು ಶನಿವಾರ ಶಾಲೆಯಿಂದ ಬೇಗ ಬಂದೆ. ಅಪ್ಪ ಹಜಾರದಲ್ಲಿ ಕೂತಿದ್ದ. ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಹಾಳೆಯನ್ನು ನನ್ನ ಕಡೆ ಸರಿಸಿದ. ಆ ವರ್ಷದ ಆದಾಯ ಪ್ರಮಾಣ ಪತ್ರ. ಸೈಬರ್ ಅಕ್ಕನ ಹತ್ತಿರ ತಾನೇ ಅರ್ಜಿ ಹಾಕಿಸಿದ್ದನಂತೆ. ಜೊತೆಗೆ ಯಾರು ಬಂದಿದ್ದರು ಎಂದು ಕೇಳಿದೆ. ಯಾರೂ ಇಲ್ಲ, ಸಾಕ್ಷಿಗೆ ಕಚೇರಿ ಮುಂದಿನ ಟೀ ಅಂಗಡಿಯವರನ್ನೇ ಕೇಳಿಕೊಂಡೆ, ಒಬ್ಬನೇ ಹೋಗಿದ್ದೆ ಎಂದ. ಯಾರಾದರೂ ನೋಡಿದರಾ ಅಂದೆ.

“ನೋಡೋದೇನು, ನಾನೇ ಶಾಮಿಯಾನದಲ್ಲಿ ಹೇಳ್ಬಿಟ್ಟು ಬಂದೆ,” ಎಂದ. “ನಲವತ್ತು ಜನಕ್ಕೆ ಉತ್ತರ ಹೇಳಿ ಹೇಳಿ ನಿನ್ ಮುಖ ಹೆಂಗಾಗಿತ್ತು ಅಂತ ನೋಡಿದೀನಿ ಕಣವ್ವ. ಈ ಸಲ ಬರ್ಲಿಲ್ಲ ಅಂದ್ರೆ ನಂಗೊಬ್ಬನಿಗೆ ಹೇಳು, ಸಾಕು.”

ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಅದೇ ಪ್ರಶ್ನೆ ಕೇಳಿದರು. ಊರುಗಳು ತಮ್ಮಷ್ಟಕ್ಕೆ ತಾವೇ ಮಾಡಿಕೊಂಡ ಕಟ್ಟುಗಳ ಬಗ್ಗೆ, ಅವನ್ನು ಮುರಿದವರಿಗೆ ಏನಾಯಿತು ಎಂಬುದರ ಬಗ್ಗೆ ಓದಬೇಕೆಂದಿದ್ದೇನೆ ಎಂದೆ. ಈ ಸಲ ಅವರು ಬರೀ ತಲೆಯಾಡಿಸದೆ ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಜೂನ್ ತಿಂಗಳಲ್ಲಿ, ಶಾಲೆಯಿಂದ ಬರುವಾಗ ಬಸ್ಸಿನಲ್ಲಿ, ಆಯ್ಕೆಯಾಗಿದ್ದೀರಿ ಎಂಬ ಮೇಲ್ ಬಂತು.

ಮನೆಗೆ ಹೋಗದೆ ನೆಟ್ಟಗೆ ಶಾಮಿಯಾನಕ್ಕೆ ಹೋದೆ. ಅಪ್ಪ ದಿನಾ ಹೋಗುವುದನ್ನು ಬಿಟ್ಟಿರಲಿಲ್ಲ. ಜನ ಜಮಖಾನದ ಆ ತುದಿಯಲ್ಲಿ ಒತ್ತೊತ್ತಾಗಿ ಕೂತಿದ್ದರು, ಅಪ್ಪ ಈ ತುದಿಯಲ್ಲಿದ್ದ. ನಡುವೆ ಐದಾರು ಜನ ಕೂರುವಷ್ಟು ಜಾಗ ಖಾಲಿಯಿತ್ತು. ಅಲ್ಲಿ ಹೋಗಿ ಅವನ ಪಕ್ಕ ಕೂತೆ. ಎಲ್ಲರೂ ನೋಡುತ್ತಿದ್ದರು, ಯಾರೂ ಏನೂ ಕೇಳಲಿಲ್ಲ. ನಾನು ಅಪ್ಪನಿಗೊಬ್ಬನಿಗೆ ಹೇಳಿದೆ.