ಕರಡಿಯ ದಿಂಬು ಬೇಯಿಸುವ ಕೈ

ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಅಡುಗೆಮನೆಯಲ್ಲಿ ಮಾತ್ರ ಓವನ್ ಆಗಲೇ ಕಾದು ಕೂತಿದೆ. ಅದರೆದುರಿನ ಸ್ಟೀಲ್ ಮೇಜಿನ ಮುಂದೆ ನಿಂತ ಹೆಂಗಸು ಹಿಟ್ಟಿನ ಉದ್ದನೆಯ ಹುರಿಯನ್ನು ಸುರುಳಿ ಸುತ್ತುತ್ತಾರೆ, ಒಂದು ತುದಿಯನ್ನು ಕತ್ತಿನಂತೆ ಮೇಲಕ್ಕೆಳೆಯುತ್ತಾರೆ, ಎರಡು ಒಣದ್ರಾಕ್ಷಿ ಚೂರು ಒತ್ತುತ್ತಾರೆ. ಹಿಟ್ಟು ಬಸವನಹುಳುವಾಗುತ್ತದೆ. ಕೊನೆಗೆ ಅದರ ಬೆನ್ನಿಗೊಂದು ಪುಟ್ಟ ಚೀಲವೂ ಏರುತ್ತದೆ.

"ಇವನು ಅಂಚೆಯವನು" ಎಂದು ಪರಿಚಯ ಮಾಡಿಕೊಡುತ್ತಾರೆ. "ಕಥೇಲಿ ಬರ್ತಾನೆ. ಕಾಗದ ತಲುಪಿಸೋ ಹೊತ್ತಿಗೆ ಅದನ್ನ ಬರೆದ ಹುಡುಗಿಗೆ ಮದುವೆಯಾಗಿ ಮಕ್ಕಳಾಗಿರತ್ತೆ. ಇದನ್ನ ಕೇಳಿ ಇಲ್ಲಿನ ಮಕ್ಕಳು ಹೊಟ್ಟೆ ಹಿಡ್ಕೊಂಡು ನಗ್ತಾರೆ."

ಮೂರನೇ ಮಹಡಿಯ ಮಕ್ಕಳ ವಾರ್ಡಿನಲ್ಲಿ ಇವರಿಗೆ ಬನ್ನಜ್ಜಿ ಎಂದು ಹೆಸರು. ಈ ವಿಚಾರದಲ್ಲಿ ಅವರದೊಂದು ತಕರಾರಿದೆ. "ನಂಗೆ ಮೊಮ್ಮಕ್ಕಳೇ ಇಲ್ಲ, ಅಜ್ಜಿ ಎಲ್ಲಿಂದ ಬಂತು? ತಲೆ ಮೇಲಿರೋದು ಮೈದಾ ಹಿಟ್ಟು, ನರೆ ಅಲ್ಲ ಅಂದ್ರೆ ಯಾರು ನಂಬ್ತಾರೆ!" ಐವತ್ತು ದಾಟಿದ ಈ ಅಜ್ಜಿಯ ಕೆಲಸ ಇಡೀ ಆಸ್ಪತ್ರೆಗೆ ದಿನಕ್ಕೆ ಆರುನೂರರಷ್ಟು ಬನ್ನು, ಬ್ರೆಡ್ಡು ಬೇಯಿಸುವುದು. ಅದೆಲ್ಲ ಮುಗಿದ ಮೇಲೆ ಮಕ್ಕಳ ವಾರ್ಡಿಗೆ ಒಂದು ಟ್ರೇ ಬೇರೆಯಾಗಿ ಏರುತ್ತದೆ. ಅದರಲ್ಲಿರುವುದೆಲ್ಲ ಹಳೆಯ ಮಕ್ಕಳ ಪುಸ್ತಕಗಳಿಂದ ಎದ್ದು ಬಂದದ್ದು. ಅಂಚೆಯ ಬಸವನಹುಳು, ಮೋಡದ ಮೇಲೆ ಅಂಗಡಿ ಇಟ್ಟ ದರ್ಜಿಯ ಗುಂಡಿ ಬಿಸ್ಕತ್ತು, ಹಸಿವು ತಾಳಲಾರದೆ ತನ್ನ ದಿಂಬನ್ನೇ ತಿಂದ ಕರಡಿಯ ದಿಂಬು.

ಎಲ್ಲ ಶುರುವಾದದ್ದು ಆ ದಿಂಬಿನಿಂದ.

ಬನ್ನಜ್ಜಿಯ ಅಪ್ಪ ಬ್ರೆಡ್ ಭಟ್ಟಿಯ ಕೆಲಸಗಾರ. ಓದು ಅರ್ಧಕ್ಕೆ ನಿಂತಾಗ ಮಗಳು ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟಲು ಸೇರಿದರು. ಕಾರ್ಖಾನೆಗೆ ಬೀಗ ಬಿತ್ತು. ಅದೇ ವರ್ಷ ಬಸ್ ಕಂಡಕ್ಟರ್ ಆಗಿದ್ದ ಗಂಡನ ಮೊಣಕಾಲು ಕೈಕೊಟ್ಟಿತು, ಅವರು ಮನೆ ಹಿಡಿದರು. ಸಂಸಾರದ ನೊಗ ಒಂದೇ ಹೆಗಲಿಗೆ ಬಂದಾಗ ಸಿಕ್ಕಿದ್ದು ಆಸ್ಪತ್ರೆಯ ಈ ಭಟ್ಟಿ ಕೆಲಸ. ಮುಂಗೈ ತುಂಬ ಟ್ರೇ ತಾಗಿ ಸುಟ್ಟ ಗೆರೆಗಳು. ಚಳಿಗಾಲದಲ್ಲಿ ಮಣಿಕಟ್ಟು ಮಾತು ಕೇಳುವುದಿಲ್ಲ. ಮೊದಲ ಕೆಲವು ವರ್ಷ ತಾವು ಬೇಯಿಸಿದ್ದನ್ನು ಯಾರು ತಿನ್ನುತ್ತಾರೆ ಎಂಬುದನ್ನೇ ಅವರು ಕಂಡವರಲ್ಲ. ಟ್ರೇ ಲಿಫ್ಟಿಗೆ ಹೋದರೆ ಅವರ ಪಾಲಿಗೆ ದಿನ ಮುಗಿಯಿತು.

ಒಂದು ದಿನ ಟ್ರೇ ಒಯ್ಯುವವರು ರಜೆ ಹಾಕಿದ್ದರಿಂದ ಬನ್ನಜ್ಜಿಯೇ ಮಕ್ಕಳ ವಾರ್ಡಿಗೆ ಹೋದರು. ಕೊನೆಯ ಮಂಚದಲ್ಲಿ ಏಳು ವರ್ಷದ ಹುಡುಗಿ. ಯಾವ ತಟ್ಟೆ ಬಂದರೂ ಮುಖ ತಿರುಗಿಸುತ್ತಿದ್ದಳೆಂದು ನರ್ಸುಗಳು ಅವಳನ್ನು ಮಹಾರಾಣಿ ಎನ್ನುತ್ತಿದ್ದರು. ಔಷಧಿಯ ಕಾವಿಗೆ ಕೂದಲೆಲ್ಲ ಉದುರಿತ್ತು, ಬಾಯೆಲ್ಲ ಹುಣ್ಣು, ತಿಂದದ್ದೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ಚಮಚ ಹಿಡಿದ ಅಮ್ಮ ಗೋಡೆ ಕಡೆ ತಿರುಗಿ ಅಳುತ್ತಿದ್ದರು. ಪಕ್ಕದಲ್ಲಿ ಅಪ್ಪ ಕರಡಿಯ ಕಥೆ ಓದುತ್ತಿದ್ದರು. ಹುಡುಗಿ ಅಪ್ಪನನ್ನು ತಡೆದು, ಟ್ರೇ ಹಿಡಿದು ನಿಂತ ಅಪರಿಚಿತ ಹೆಂಗಸನ್ನು ಕೇಳಿದಳು: "ಆ ದಿಂಬು ಎಷ್ಟು ಮೆತ್ತಗಿರತ್ತೆ?"

"ನಾಳೆ ತಂದು ತೋರಿಸ್ತೀನಿ ಅಂದ್ಬಿಟ್ಟೆ. ಕೆಳಗೆ ಬಂದ ಮೇಲೆ ನನ್ನನ್ನೇ ಬೈಕೊಂಡೆ. ಇದೇನು ಬಾಯಿ ಬಿಟ್ಟೆ ನಾನು ಅಂತ."

ಮರುದಿನ ಬನ್ನಜ್ಜಿ ಹಿಟ್ಟಿಗೆ ಹಾಲು ಜಾಸ್ತಿ ಹಾಕಿ ನಾದಿದರು, ಎರಡು ಸಲ ಉಬ್ಬಲು ಬಿಟ್ಟರು. ಓವನ್ನಿನಿಂದ ತೆಗೆದ ಕೂಡಲೇ ಒದ್ದೆ ಬಟ್ಟೆ ಮುಚ್ಚಿದರು. ಹುಣ್ಣಾದ ಬಾಯಿಗೆ ಗಟ್ಟಿ ಮೇಲ್ಪದರ ತಾಗಬಾರದಲ್ಲ. ನಾಲ್ಕು ಮೂಲೆಯ ಪುಟ್ಟ ದಿಂಬು, ಅಂಚಿಗೆ ಹೊಲಿಗೆಯ ಗುರುತು. ಮಹಾರಾಣಿ ಅದನ್ನು ಮೊದಲು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಒಂದು ಮೂಲೆ ಕಚ್ಚಿದಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಮೂಲೆ. ಅಷ್ಟಕ್ಕೇ ಅವಳ ಅಮ್ಮ ಮೂರು ಮಹಡಿ ಮೆಟ್ಟಿಲಿಳಿದು ಅಡುಗೆಮನೆಗೆ ಬಂದು, ಹಿಟ್ಟಿನ ಕೈಯನ್ನೇ ಹಿಡಿದುಕೊಂಡು ನಿಂತುಬಿಟ್ಟರು.

ಸಂತೋಷ ಸಂಜೆವರೆಗೂ ಉಳಿಯಲಿಲ್ಲ. ಸುದ್ದಿ ಮುಟ್ಟಿದ ಅಡುಗೆಮನೆ ಮೇಲ್ವಿಚಾರಕರು ಕೆಂಡವಾದರು. "ಇದೇನು ಆಸ್ಪತ್ರೆನೋ ಆಟದ ಸಾಮಾನಿನ ಅಂಗಡಿನೋ? ಯಾರನ್ನ ಕೇಳಿ ಕಳಿಸಿದ್ರಿ? ಇನ್ನೊಂದ್ಸಲ ಹೀಗಾದ್ರೆ ಮನೆಗೆ ಹೋಗ್ಬೇಕಾಗತ್ತೆ!"

ಬನ್ನಜ್ಜಿ ಇವತ್ತಿಗೂ ಅವರನ್ನು ಬೈಯುವುದಿಲ್ಲ. "ಅವರು ಹೇಳಿದ್ದು ಸರಿನೇ. ಒಂದು ಮಗುಗೆ ಹಾಲು ಆಗಲ್ಲ, ಇನ್ನೊಂದಕ್ಕೆ ಗೋಧಿ ಆಗಲ್ಲ. ಪ್ರೀತಿಯಿಂದ ಕೊಟ್ಟೆ ಅಂದ್ರೆ ಹೊಟ್ಟೆ ಕೇಳತ್ತಾ?"

ಹಾಗಂತ ಅವರು ಸುಮ್ಮನಾಗಲಿಲ್ಲ. ಎಂದೂ ಹತ್ತದಿದ್ದ ಕಚೇರಿ ಮೆಟ್ಟಿಲು ಹತ್ತಿ, ಏಪ್ರನ್ ಸಮೇತ, ರೋಗಿಗಳ ಪಥ್ಯ ನೋಡುವ ಮೇಡಂ ಬಾಗಿಲು ತಟ್ಟಿದರು. "ಬೇಡ ಅನ್ನಬೇಡಿ ಮೇಡಂ, ಹೇಗೆ ಮಾಡಬೇಕು ಅಂತ ಹೇಳ್ಕೊಡಿ" ಎಂದರು. ಮೇಡಂ ಕನ್ನಡಕ ತೆಗೆದಿಟ್ಟು, ಕುರ್ಚಿ ತೋರಿಸಿದರು. ಯಾವ ಮಗುವಿಗೆ ಏನು ಸಲ್ಲದು, ಸಕ್ಕರೆ ಎಷ್ಟಿರಬೇಕು, ಯಾವುದನ್ನು ಪೂರ್ತಿ ಬೇಯಿಸಲೇಬೇಕು ಎಂದು ಇಬ್ಬರೂ ಕೂತು ಗೊತ್ತುಮಾಡಿದರು. ಮೇಲ್ವಿಚಾರಕರನ್ನು ಒಪ್ಪಿಸುವ ಹೊಣೆ ಮೇಡಂ ಹೊತ್ತರು. ವಾರ ಕಳೆದು ದಿಂಬು ಮತ್ತೆ ಮೇಲೇರಿತು, ಈ ಸಲ ರಾಜಾರೋಷವಾಗಿ.

"ನಾವು ಎಷ್ಟು ಬೇಕು, ಏನು ಬೇಕು ಅಂತ ಹೇಳ್ತೀವಿ. ತಿನ್ನೋ ಆಸೆ ಹುಟ್ಟಿಸೋದು ಇವರು" ಎನ್ನುತ್ತಾರೆ ಪಥ್ಯದ ಮೇಡಂ. ಮೇಲ್ವಿಚಾರಕರು ಈಗ ಬಸವನಹುಳು ಹೋಗುವ ದಿನ ತಮಗೂ ಒಂದು ಎತ್ತಿಡಲು ಹೇಳುತ್ತಾರಂತೆ. "ರುಚಿ ಪರೀಕ್ಷೆಗೆ ಅಂತ ನೆಪ ಬೇರೆ!" ಎಂದು ಬನ್ನಜ್ಜಿ ಕಣ್ಣು ಮಿಟುಕಿಸುತ್ತಾರೆ.

ಪುಸ್ತಕ ಪೂರ್ತಿ ಆಗದೆ ಅವರು ಹಿಟ್ಟು ಮುಟ್ಟುವುದಿಲ್ಲ. ವಾರ್ಡಿನ ಕಪಾಟಿನಿಂದ ಒಂದೊಂದೇ ಹಳೆಯ ಪುಸ್ತಕ ಮನೆಗೆ ಬರುತ್ತದೆ. ಸಂಜೆ ಅವರು ಬಿಸಿನೀರಿನಲ್ಲಿ ಕಾಲಿಟ್ಟು ಕೂತರೆ, ಗಂಡ ಓದುತ್ತಾರೆ. "ಇವರದು ಕಂಡಕ್ಟರ್ ಗಂಟಲು. ರಾಜಕುಮಾರಿ ಬಂದಳು ಅನ್ನೋದನ್ನೂ ಮುಂದಿನ ಸ್ಟಾಪ್ ಬಂತು, ಇಳೀರಿ ಅನ್ನೋ ಹಾಗೆ ಓದ್ತಾರೆ. ಪಕ್ಕದ ಮನೆಯವರಿಗೂ ಈಗ ಎಲ್ಲ ಕಥೆ ಬಾಯಿಪಾಠ." ಗಂಡನೂ ಬಿಟ್ಟುಕೊಡುವುದಿಲ್ಲ: "ಕರಡಿ ಅತ್ತಾಗ ಇವಳೂ ಅತ್ತಳು. ಅದನ್ನ ಹೇಳಲ್ಲ ನೋಡಿ."

ಮಕ್ಕಳು ಸುಲಭಕ್ಕೆ ಒಪ್ಪುವ ಗಿರಾಕಿಗಳಲ್ಲ. ಒಮ್ಮೆ ಗುಂಡಿ ಬಿಸ್ಕತ್ತು ಹಾಗೆಯೇ ವಾಪಸ್ ಬಂತು. ದರ್ಜಿಯ ಗುಂಡಿಗೆ ನಾಲ್ಕು ತೂತು, ಇದರಲ್ಲಿ ಎರಡೇ ಇವೆ ಎಂಬುದು ದೂರು. ಚಿತ್ರ ನೋಡಿದರೆ ನಿಜ. ಬನ್ನಜ್ಜಿ ಮೇಲೆ ಹೋಗಿ ಕಿವಿ ಹಿಡಿದುಕೊಂಡರು. ಅಂದಿನಿಂದ ಹೆಣಿಗೆ ಕಡ್ಡಿ ಹಿಡಿದು ಒಂದೊಂದಕ್ಕೂ ನಾಲ್ಕು ತೂತು ಚುಚ್ಚುತ್ತಾರೆ.

ಮಹಾರಾಣಿ ಬಹಳ ಕಾಲ ವಾರ್ಡಿನಲ್ಲಿದ್ದು, ಕೂದಲು ಮತ್ತೆ ಚಿಗುರಿ, ಗುಣವಾಗಿ ಮನೆಗೆ ಹೋದಳು. ಈಗ ಶಾಲೆಯ ಓಟದ ತಂಡದಲ್ಲಿದ್ದಾಳೆ. ಇದನ್ನು ಹೇಳುವಾಗ ಬನ್ನಜ್ಜಿಯ ದನಿ ಏರುತ್ತದೆ. ಎಲ್ಲ ಮಕ್ಕಳೂ ಹಾಗೆ ಹೋಗುತ್ತಾರೆಯೇ ಎಂದರೆ ಅವರ ಕೈ ಹಿಟ್ಟಿನ ಮೇಲೆ ನಿಲ್ಲುತ್ತದೆ.

"ಇಲ್ಲ. ಅದೊಂದು ಕೇಳ್ಬೇಡಿ." ಆಮೇಲೆ ಅವರೇ ಮುಂದುವರಿಸುತ್ತಾರೆ: "ಅಂಥ ದಿನ ಕೆಳಗೆ ಬಂದು ಸುಮ್ಮನೆ ನಾದ್ತೀನಿ. ಬೆಳಗಾದ್ರೆ ಉಳಿದ ಮಕ್ಕಳಿಗೆ ಹಸಿವಾಗತ್ತಲ್ವಾ?"

ನೆಲಮಾಳಿಗೆಯ ಗಾಳಿಕಿಂಡಿ ಬೆಳ್ಳಗಾಗಿದೆ. ಅಂಚೆಯ ಬಸವನಹುಳುಗಳ ಟ್ರೇ ಓವನ್ ಸೇರಿತು. ಇನ್ನೇನು ಆಸೆ ಇದೆ, ಹೊಸ ಓವನ್ನೋ, ಸಹಾಯಕ್ಕೆ ಇನ್ನೊಂದು ಕೈಯೋ ಎಂದು ಕೇಳಿದರೆ ಅವರು ಬೇಡವೆಂದು ತಲೆ ಆಡಿಸುತ್ತಾರೆ. ಈಗ ಅವರ ತಲೆಯಲ್ಲಿರುವುದು ಒಂದೇ. ಕಿಟಕಿ ಪಕ್ಕದ ಮಂಚದ ಪುಟ್ಟಿ ತಿಂಗಳುಗಟ್ಟಲೆ ಹೊರಗೆ ಕಾಲಿಟ್ಟಿಲ್ಲ. ಹಳೆಯ ಕಥೆಯೊಂದರಲ್ಲಿ ಕಪ್ಪೆಯೊಂದು ಮಳೆ ಬಿದ್ದ ಮಣ್ಣಿನ ವಾಸನೆಯ ಬಿಸ್ಕತ್ತು ಮಾರುತ್ತದೆ. ಪುಟ್ಟಿಗೆ ಅದೇ ಬೇಕಂತೆ.

ಬನ್ನಜ್ಜಿ ಎಳ್ಳು ಹುರಿದು ನೋಡಿದ್ದಾರೆ, ಬಾರ್ಲಿ ಹುರಿದು ನೋಡಿದ್ದಾರೆ, ಬೀಟ್‌ರೂಟ್ ಒಣಗಿಸಿ ಪುಡಿ ಮಾಡಿ ಬೆರೆಸಿದ್ದಾರೆ. ನಿನ್ನೆಯದನ್ನು ಮೂಸಿದ ಪುಟ್ಟಿ, "ಇದು ಮಳೆ ಅಲ್ಲ, ನೆಲ ಒರೆಸಿದ ವಾಸನೆ" ಎಂದು ತೀರ್ಪು ಕೊಟ್ಟು, ಆದರೂ ಎರಡು ತಿಂದಳಂತೆ.

"ಇನ್ನೂ ಬಂದಿಲ್ಲ" ಎನ್ನುತ್ತಾರೆ ಬನ್ನಜ್ಜಿ, ಕೈ ತೊಳೆದು ಹೊಸದೊಂದು ಬಟ್ಟಲಿಗೆ ಹಿಟ್ಟು ಸುರಿಯುತ್ತ. "ಬರಿಸ್ತೀನಿ. ಬನ್ನಜ್ಜಿ ಕೈಲಿ ಆಗಲ್ಲ ಅನ್ನೋ ಮಾತು ಆ ವಾರ್ಡಲ್ಲಿ ಇದುವರೆಗೂ ಯಾರೂ ಆಡಿಲ್ಲ."