ಒಂದೇ ಶೆಡ್ಡಿನ ಎರಡು ಕೆಲಸ

ಪ್ರಾರ್ಥನೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಹುಬ್ಬಳ್ಳಿಯ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಊಟಕ್ಕೆ ಮುಂಚೆ ಕಣ್ಣು ಮುಚ್ಚುವುದನ್ನು ನಡೆಯಲು ಬರುವ ಮೊದಲೇ ಕಲಿತವಳು ನಾನು. ಆದರೂ ಮುರ್ಮುಗಾಂವ್ ಬಂದರಿನ ಹಿಂದಿದ್ದ ಆ ಪತ್ರಾಸ್ ತಗಡಿನ ಶೆಡ್ಡು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಮದುವೆಯಾಗಿ ಗೋವಾಕ್ಕೆ ಬಂದ ನಾನು ಆ ಶೆಡ್ಡು ನಡೆಸುತ್ತಿದ್ದ ಒಂದು ಸಣ್ಣ ಮಿಷನ್ನಿನಲ್ಲಿ ಕೆಲಸಕ್ಕೆ ಸೇರಿದ್ದೆ. ಶೆಡ್ಡಿದ್ದ ಇಡೀ ಓಣಿಗೆ ಒಂದೇ ಕಾಯಿನ್ ಫೋನ್ ಇದ್ದ ಕಾಲ. ಅಲ್ಲಿದ್ದವರೆಲ್ಲ ವಿಜಯಪುರ, ಬಾಗಲಕೋಟೆ ಕಡೆಯವರು. ಗಂಡಸರು ಬಂದರಿಗೆ, ಹೆಂಗಸರು ಕಟ್ಟಡಗಳಲ್ಲಿ ಸಿಮೆಂಟು ಹೊರಲು ಹೋಗುತ್ತಿದ್ದರು. ಹಡಗಿಗೆ ತುಂಬುವ ಅದಿರಿನ ಧೂಳಿನ ನಡುವೆ ಕೆಮ್ಮದವರನ್ನು ಹುಡುಕಬೇಕಿತ್ತು. ಹೀಗಾಗಿ ಕ್ಷಯ ಬಂದರೂ ಬೇಗ ಗೊತ್ತಾಗುತ್ತಿರಲಿಲ್ಲ.

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ರೋಗಿಗಳು ಶೆಡ್ಡಿಗೆ ಬಂದು, ಸರಕಾರಿ ಆರೋಗ್ಯ ಕೇಂದ್ರ ಕೊಟ್ಟ ಗುಳಿಗೆಗಳನ್ನು ನನ್ನ ಕಣ್ಣೆದುರೇ ನುಂಗಬೇಕು. ಅದು ನನ್ನ ಒಂದು ಕೆಲಸ. ಭಾನುವಾರ ಅದೇ ಶೆಡ್ಡಿನಲ್ಲಿ ನಮ್ಮ ಪಾಸ್ಟರು ಹಿಂದಿಯಲ್ಲಿ ಪ್ರಸಂಗ ಮಾಡುತ್ತಿದ್ದರು. ಪಕ್ಕದಲ್ಲಿ ನಿಂತು ಅದನ್ನು ಕನ್ನಡದಲ್ಲಿ ಹೇಳುವುದು ಇನ್ನೊಂದು ಕೆಲಸ. ಅವರು ದನಿ ಏರಿಸಿದರೆ ನಾನೂ ಏರಿಸುತ್ತಿದ್ದೆ. ಪಾಸ್ಟರಿಗಿಂತ ನೀವೇ ಚೆನ್ನಾಗಿ ಹೇಳುತ್ತೀರಿ ಎಂದು ಯಾರಾದರೂ ಅಂದರೆ ಒಳಗೊಳಗೇ ಹಿಗ್ಗುತ್ತಿದ್ದೆ.

ಪಾಸ್ಟರು ಕೆಟ್ಟವರಲ್ಲ. ನೀರಿನ ಟ್ಯಾಂಕರ್ ಬಾರದ ದಿನ ತಮ್ಮ ಸ್ಕೂಟರಿನ ಮೇಲೆ ಕ್ಯಾನು ಕಟ್ಟಿಕೊಂಡು ಬಂದವರು. ಹೊಟ್ಟೆಯ ಸೇವೆ, ಆತ್ಮದ ಸೇವೆ ಎರಡೂ ಒಂದೇ ಎನ್ನುವುದು ಅವರ ದಿನನಿತ್ಯದ ಮಾತು. ನಾನೂ ಅದನ್ನು ನಂಬಿಯೇ ಕೆಲಸ ಮಾಡುತ್ತಿದ್ದೆ.

ಆ ವರ್ಷ ಗುಳಿಗೆಗೆ ಬರುತ್ತಿದ್ದವರಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದಳು. ಕಟ್ಟಡದ ಕೆಲಸದವಳು, ಮೂಳೆ ಚಕ್ಕಳವಾಗಿದ್ದಳು. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡಿಕೊಳ್ಳುತ್ತಿದ್ದಳೆಂದು ನಾನೇ ಪಾವ್ ತಂದಿಟ್ಟು, ತಿಂದ ಮೇಲೆ ಗುಳಿಗೆ ಕೊಡುತ್ತಿದ್ದೆ. ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಕೆನ್ನೆ ತುಂಬಿಕೊಂಡಿತು. ಮನೆಯ ದೇವರ ಜಗಲಿಯ ಮೇಲೆ ಎಲ್ಲಮ್ಮನ ಪಟ ಇಟ್ಟುಕೊಂಡೇ ಭಾನುವಾರ ನಮ್ಮಲ್ಲಿಗೂ ಬರತೊಡಗಿದಳು. ಪಾಸ್ಟರಿಗಂತೂ ಹಿಡಿಸಲಾರದಷ್ಟು ಸಂತೋಷ.

ಒಂದು ಭಾನುವಾರ ಅವಳನ್ನು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು, ಹಿಂದಿಯಲ್ಲಿ ಘೋಷಿಸಿಯೇಬಿಟ್ಟರು. ನಾನು ಎಂದಿನಂತೆ ಗಟ್ಟಿಯಾಗಿ ಕನ್ನಡ ಮಾಡಿದೆ: “ಪ್ರಭು ಈ ತಂಗೀನ ಪೂರಾ ಗುಣ ಮಾಡ್ಯಾನ. ಈಕಿ ಮೈಯಾಗ ಇನ್ನ ರೋಗ ಇಲ್ಲ.”

ಇನ್ನೂ ನಾಲ್ಕು ತಿಂಗಳ ಗುಳಿಗೆ ಬಾಕಿ ಇದೆ ಎಂದು ನನಗೆ ಗೊತ್ತಿತ್ತು. ಆ ಮಾತು ಗಂಟಲವರೆಗೂ ಬಂತು. ಅನುವಾದ ಮಾಡುವವರು ತಮ್ಮದೇನೂ ಸೇರಿಸಬಾರದು ಎಂದು ನುಂಗಿಕೊಂಡೆ. ಸಭೆ ಮುಗಿದ ಮೇಲೆ ಪಾಸ್ಟರಿಗೆ, ಗುಳಿಗೆ ನಿಲ್ಲಿಸಬಾರದೆಂದು ನೀವೇ ಹೇಳಿಬಿಡಿ ಎಂದೆ. ದೇವರು ಗುಣ ಮಾಡಿದನೆಂದು ಸಾಕ್ಷಿ ಹೇಳಿದ ಬಾಯಲ್ಲೇ ಗುಳಿಗೆಯ ಮಾತಾಡಿದರೆ ಜನ ನಗುತ್ತಾರೆ, ನಾಳೆ ನೀವೇ ಮೆಲ್ಲಗೆ ಹೇಳಿ ಅಂದರು. ಎರಡೂ ಸೇವೆ ಒಂದೇ ಎನ್ನುತ್ತಿದ್ದವರು ಇವರೇನಾ ಅನ್ನಿಸಿತು.

ಸೋಮವಾರ ಅವಳು ಬರಲಿಲ್ಲ. ಬುಧವಾರವೂ ಇಲ್ಲ. ಮನೆಗೆ ಹೋದರೆ ಚಹಾ ಕೊಟ್ಟು, ಬರುತ್ತೇನೆ ಅನ್ನುತ್ತಿದ್ದಳು. ಆರೋಗ್ಯ ಕೇಂದ್ರದವರು ಬಂದಾಗಲೂ ಅದೇ ಮಾತು. ಭಾನುವಾರ ಮಾತ್ರ ತಪ್ಪದೆ ಬಂದು ಮೊದಲ ಸಾಲಿನಲ್ಲಿ ಕೂರುತ್ತಿದ್ದಳು. ಹೇಳಿ ಹೇಳಿ ಸಾಕಾಗಿ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಕೆಲವು ತಿಂಗಳಿಗೆ ಕೆಮ್ಮು ತಿರುಗಿ ಬಂತು, ಕಫದಲ್ಲಿ ರಕ್ತ ಬಿತ್ತು. ಸುದ್ದಿ ತಿಳಿದು ಓಡಿದವಳು ಹೊಸ್ತಿಲಲ್ಲೇ ರೇಗಾಡಿದೆ. ಗುಳಿಗೆ ಬಿಡು ಅಂತ ನಿನಗೆ ಹೇಳಿದವರಾದರೂ ಯಾರು ಎಂದು ಕೇಳಿದೆ. ಅವಳು ಸಿಟ್ಟಾಗಲಿಲ್ಲ.

“ಪಾಸ್ಟರ್ ಹಿಂದಿಯೊಳಗ ಏನಂದ್ರೋ ನನಗ ತಿಳಿಯಂಗಿಲ್ರಿ ಅಕ್ಕಾರ. ರೋಗ ಇಲ್ಲ ಅಂದವ್ರು ನೀವ. ಗುಳಗಿ ಕೊಡೋರೂ ನೀವ. ಆಮ್ಯಾಲೆ ಗುಳಗಿ ತಗೋ ಅಂತ ಬಂದ್ರಿ, ಸರಕಾರದ ಕೆಲಸ ಅದ, ಅದಕ್ಕ ಹೇಳಾಕತ್ತಾರ ಅನ್ಕೊಂಡ್ನಿ. ದೇವರ ಮುಂದ ನಿಂತು ಹೇಳಿದ್ದ ಖರೇ ಇರ್ತೈತಿ ಅಂತ ತಿಳ್ಕೊಂಡ್ನಿರಿ.”

ಅದು ಪಾಸ್ಟರ ಮಾತು, ನನ್ನದಲ್ಲ ಅನ್ನಬಹುದಿತ್ತು. ಅನ್ನಲು ನಾಚಿಕೆಯಾಯಿತು.

“ಖರೇ ಇರಲಿಲ್ಲವ್ವ,” ಅಂದೆ. “ನಾ ಸುಳ್ಳು ಹೇಳಿದೆ.”

ಚಿಕಿತ್ಸೆ ಮೊದಲಿನಿಂದ ಶುರುವಾಯಿತು. ಈ ಸಲ ಎಂಟು ತಿಂಗಳು, ಮೊದಲೆರಡು ತಿಂಗಳು ಇಂಜೆಕ್ಷನ್ ಬೇರೆ. ಸೊಂಟ ಬಾತುಕೊಂಡು ಕೂರಲಾರದೆ ಕೂರುತ್ತಿದ್ದಳು. ಶೆಡ್ಡಿಗೆ ಬರಲು ಒಪ್ಪಲಿಲ್ಲ, ನಡೆದುಕೊಂಡು ಆರೋಗ್ಯ ಕೇಂದ್ರಕ್ಕೇ ಹೋಗುತ್ತಿದ್ದಳು. ಭಾನುವಾರವೂ ಬರುವುದನ್ನು ಬಿಟ್ಟಳು. ಆ ತಂಗಿ ಯಾಕೆ ಕಾಣುವುದಿಲ್ಲ ಎಂದು ಪಾಸ್ಟರು ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದೆ. ಅವರು, ನಾನು ಹೇಳಿದ್ದನ್ನೇ ನೀವು ಹೇಳಿದಿರಿ, ನಿಮ್ಮ ತಪ್ಪೇನಿಲ್ಲ ಅಂದರು. ಸಮಾಧಾನಕ್ಕೆಂದೇ ಅಂದಿರಬೇಕು, ನನಗೆ ಮಾತ್ರ ರೋಸಿಹೋಯಿತು. ಮುಂದಿನ ವಾರದಿಂದ ಅನುವಾದಕ್ಕೆ ನಿಲ್ಲಲಿಲ್ಲ.

ಎಂಟು ತಿಂಗಳು ಮುಗಿದಾಗ ಕಫ ಶುದ್ಧವಾಗಿದೆ ಎಂದು ಡಾಕ್ಟರು ಚೀಟಿ ಬರೆದರು. ಅದನ್ನು ಹಿಡಿದುಕೊಂಡು ನಾನೇ ಅವಳ ಮನೆಗೆ ಹೋದೆ. ಅಕ್ಕಿ ಆರಿಸುತ್ತ ಕೂತಿದ್ದಳು. ಪೂರ್ತಿ ಗುಣವಾಯಿತು, ಇನ್ನು ಗುಳಿಗೆ ಬೇಡ ಎಂದೆ. ನಗುತ್ತಾಳೆ ಅಂದುಕೊಂಡಿದ್ದೆ.

“ಇದು ಯಾರ ಮಾತ್ರಿ ಅಕ್ಕಾರ?” ಎಂದು ಕೇಳಿದಳು.

ಡಾಕ್ಟರದು ಎಂದು ಚೀಟಿ ಚಾಚಿದೆ. ಅವಳಿಗೆ ಓದು ಬರದು. ಮೊರ ಪಕ್ಕಕ್ಕಿಟ್ಟು, ಚೀಟಿ ಇಸಿದುಕೊಂಡು, ಓಣಿಯ ತುದಿಯ ಕಿರಾಣಿ ಅಂಗಡಿಯವನ ಹತ್ತಿರ ಓದಿಸಲು ಹೋದಳು. ಅವಳು ತಿರುಗಿ ಬರುವವರೆಗೂ ನಾನು ಬಾಗಿಲಲ್ಲೇ ನಿಂತಿದ್ದೆ.